‘ಓಡು’ ಎಂದರೇನು?

ಪರಭಾಷೆಯೊಂದನ್ನು ಕಲಿಯಹೊರಟವರು ಸಾಮಾನ್ಯವಾಗಿ ಉದ್ದವಾದ ಶಬ್ದಗಳಿಗೆ ಹೆದರುವುದುಂಟು. ಆದರೆ ಉದ್ದವಾದ ಶಬ್ದಗಳು ಸ್ವಭಾವತಃ ಸಾಧುಗಳು. ‘ಥರ್ಮಾಮೀಟರ್’ ಎಂಬುದು ಉಚ್ಚರಿಸುವುದಕ್ಕೆ ಎಷ್ಟು ಕಷ್ಟವಾದರೂ ಅದಕ್ಕಿರುವುದು ಒಂದೇ ಅರ್ಥ. ಅದನ್ನು ಒಮ್ಮೆ ತಿಳಿದುಕೊಂಡರೆ ಅದು ಆಮರಣ ಕೈಬಿಡದು. ಮೋಸಮಾಡತಕ್ಕವು ಚಿಕ್ಕ ಶಬ್ದಗಳು. ಮೂರು ವರ್ಷದ ಮಗುವೂ ಆಡುವ, ಪಾಠಪುಸ್ತಕದ ಮೊದಲನೆಯ ಪುಟದಲ್ಲಿಯೇ ಬರುವ, ‘ಇದು ತಿಳಿಯದೆ ಏನು?’ ಎಂದು ಎಲ್ಲರೂ ದಾಟಿಹೋಗುವ ಶಬ್ದಗಳಿವೆಯಷ್ಟೆ. ಅವುಗಳ ಹೊಟ್ಟೆಯೊಳಗೆ ಎಷ್ಟು ಅರ್ಥಗಳು ಅಡಗಿವೆಯೆಂಬುದು ಪೆಟ್ಟು ತಿಂದವರಿಗೆ ಮಾತ್ರ ಗೊತ್ತು.

ಶಬ್ದಗಳ ಲೆಕ್ಕ ಹಿಡಿಯುವ ಕೆಲಸವು ಮಂಗಳೂರು ಪಟ್ಟಣಕ್ಕೆ ಹೊಸತಲ್ಲ. 1841ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಬಳಿಕ, ಮೆನ್ನೆರ್ ಪಾದ್ರಿಗಳ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿಯೂ, ಇಂಗ್ಲಿಷ್-ತುಳು ನಿಘಂಟು 1888ರಲ್ಲಿಯೂ ಹೊರಬಂದುವು. 1853ರಲ್ಲಿ ಭರತಖಂಡಕ್ಕೆ ಬಂದ ಫೆರ್ಡಿನಾಂಡ್ ಕಿಟ್ಟೆಲರು ಹಲವು ವರ್ಷಗಳ ಪರಿಶ್ರಮದಿಂದ ರಚಿಸಿದ, ಸುಮಾರು 70,000 ಶಬ್ದಗಳುಳ್ಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದುದೂ ಈ ಊರಿನಲ್ಲಿಯೇ. ಅಂಥ ಗ್ರಂಥಗಳನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಅಪರೂಪದ ಶಬ್ದಕ್ಕೆ ಒಂದು ಪಂಕ್ತಿ ಸಾಕು. ದಿನಬಳಕೆಯ ಶಬ್ದಕ್ಕೆ ಪುಟಗಳೇ ಬೇಕು.

ಇಂಗ್ಲಿಷಿನಲ್ಲಂತೂ ಇದು ಪರಾಕಾಷ್ಠೆಯನ್ನು ಮುಟ್ಟಿದೆ. ಆಕ್ಸ್‌ಫರ್ಡಿನ ಮಹಾನಿಘಂಟಿನ ಮೊದಲನೆಯ ಸಂಚಿಕೆಯು 1884ರಲ್ಲಿ ಹೊರಟು, ಗ್ರಂಥವು 1928ರಲ್ಲಿ ಸಂಪೂರ್ಣವಾಯಿತು. ಬಹುಕಾಲ ಅದರಲ್ಲಿ ಅತಿ ದೀರ್ಘವಾದ ವಿವರಣೆಯನ್ನು ಪಡೆದಿದ್ದ ಶಬ್ದವು ‘ಸೆಟ್’ ಎಂಬುದು. 1989ರ ಎರಡನೆಯ ಆವೃತ್ತಿಯಲ್ಲಿ ಆ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿದ್ದುವು. ಆದರೆ ಗ್ರಂಥವನ್ನು ಪುನಃ ಪರಿಷ್ಕರಿಸುತ್ತ ಬಂದಾಗ, 2011ರ ಹೊತ್ತಿಗೆ, ಆ ಸಿಂಹಾಸನವನ್ನು ‘ರನ್’ ಎಂಬ ಶಬ್ದವು ಆಕ್ರಮಿಸಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕಿದುವು. ಈ ಒಂದು ಶಬ್ದವನ್ನು ಪರಿಷ್ಕರಿಸುವುದಕ್ಕೆ ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿದುವು. ಇಷ್ಟಾಗಿಯೂ ಇಲ್ಲಿನ ಶಾಲೆಯ ಮಕ್ಕಳು ಕಿಸೆಯಲ್ಲಿಟ್ಟುಕೊಳ್ಳುವ ಸಣ್ಣ ಅರ್ಥಕೋಶಗಳಲ್ಲಿ ಅದಕ್ಕೆದುರಾಗಿ ಕಾಣುವುದು ಒಂದೇ ಮಾತು: ‘ಓಡು’.

ಈ ಒಂದು ಮಾತಿನಿಂದ ಒಂದು ಮನೆಗೆ ಉಂಟಾದ ತೊಡಕನ್ನು ಇಲ್ಲಿ ಹೇಳುವುದು ಅಪ್ರಕೃತವಾಗದು.

ಜೆಪ್ಪುವಿನ ಓಣಿಯೊಂದರಲ್ಲಿ ಒಂದು ಹಂಚಿನ ಮನೆ. ಅಲ್ಲಿನ ಅಜ್ಜನು ತನ್ನ ಆಯುಷ್ಯವನ್ನೆಲ್ಲ ಹಂಚಿನ ಕಾರ್ಖಾನೆಯಲ್ಲಿ ಸವೆಸಿ ಕಾಲವಾಗಿದ್ದನು. ಅವನ ಅಳಿಯನು, ಮಗಳು ಇನ್ನೂ ಕೈಗೂಸಾಗಿದ್ದಾಗ, ಕೆಲಸ ಹುಡುಕಿ ಬರುವೆನೆಂದು ಹೇಳಿ ಹೋದವನು, ತಿರುಗಿ ಬರಲಿಲ್ಲ. ಅಂದಿನಿಂದ ಆ ಮನೆಯ ತಾಯಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದಳು. ಬೆಳಗಿನ ಗಂಜಿಯಾದೊಡನೆ ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬುವುದು, ಸುರುಳಿ ಸುತ್ತಿ ನೂಲು ಬಿಗಿಯುವುದು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದು ಕೊಟ್ಟು, ಸಾವಿರಕ್ಕೆ ಇಷ್ಟೆಂಬ ಕೂಲಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಿಸಿಕೊಂಡು ಬರುವುದು: ಇದು ಅವಳ ನಿತ್ಯವಿಧಿ. ಆ ಕೂಲಿಯಿಂದಲೇ ಅಕ್ಕಿ ಬಂತು, ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಾಯಿತು, ಮಗಳು ಕನ್ನಡ ಶಾಲೆಯಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಕಾಲೇಜಿನ ಬಾಗಿಲಿಗೆ ಬಂದು ನಿಂತಳು.

ಕಾಲೇಜಿನ ವೆಚ್ಚಕ್ಕೆ ಬೀಡಿಯ ಕೂಲಿ ಸಾಲದು. ಬಡವಿದ್ಯಾರ್ಥಿಗಳಿಗೆ ಧನಸಹಾಯ ಮಾಡುವ ಒಂದು ಸಂಸ್ಥೆಗೆ ಹುಡುಗಿಯು ಅರ್ಜಿ ಬರೆದುಕೊಂಡಳು. ಸಂದರ್ಶನಕ್ಕೆ ಕರೆ ಬಂದಿತು. ಅಲ್ಲಿ ಮೂವರು ಗೃಹಸ್ಥರು ಕುಳಿತಿದ್ದರು. ಅವರು ಒರಟರಲ್ಲ, ನಗುಮೊಗದಿಂದಲೇ ಮಾತಾಡಿಸಿದರು. ಹೆಸರು, ಶಾಲೆ, ಅಂಕ ಎಲ್ಲವೂ ಆದ ಮೇಲೆ ಅವರಲ್ಲೊಬ್ಬರು, “ಹೂ ರನ್ಸ್ ಯುವರ್ ಫ್ಯಾಮಿಲಿ?” ಎಂದು ಕೇಳಿದರು. ಹುಡುಗಿಯು ತುಸು ಹೊತ್ತು ತಲೆ ತಗ್ಗಿಸಿ ನಿಂತು, ಅನಂತರ, “ಮೈ ಫಾದರ್” ಎಂದಳು. ಅವರು ಅದನ್ನು ಬರೆದುಕೊಂಡರು.

ಹತ್ತು ದಿನಗಳಲ್ಲಿ ಕಾಗದ ಬಂದಿತು. ಸಂಸಾರವನ್ನು ನಡೆಸುವವರು ತಂದೆಯೆಂದು ಅಭ್ಯರ್ಥಿಯೇ ಹೇಳಿರುವುದರಿಂದ ತಂದೆಯ ವರಮಾನದ ಪ್ರಮಾಣಪತ್ರವನ್ನು ಹದಿನೈದು ದಿನಗಳೊಳಗಾಗಿ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿಯನ್ನು ಪರಿಗಣಿಸಲಾಗದು.

ಓಣಿಯ ಕೊನೆಯಲ್ಲಿ ನಿವೃತ್ತರಾದ ಇಂಗ್ಲಿಷ್ ಮಾಸ್ಟ್ರೊಬ್ಬರ ಮನೆಯಿತ್ತು. ಅವರು ಸಂಸ್ಕೃತವನ್ನೂ ಬಲ್ಲವರು. ಹುಡುಗಿಯು ಕಾಗದವನ್ನು ತೆಗೆದುಕೊಂಡು ಅಲ್ಲಿಗೆ ಹೋದಳು. ಮಾಸ್ಟ್ರು ಕನ್ನಡಕವನ್ನೇರಿಸಿಕೊಂಡು ಎರಡು ಸಲ ಓದಿದರು.

“ಅಪ್ಪ ಸಂಸಾರ ನಡೆಸುತ್ತಾರೆಂದು ನೀನು ಯಾಕೆ ಹೇಳಿದೆ ಮಗೂ?”

“ನಾನು ಹಾಗೆ ಹೇಳಲೇ ಇಲ್ಲ ಮಾಸ್ಟ್ರೇ. ಅವರು ಕೇಳಿದ್ದು ಬೇರೆ. ಮನೆಯಲ್ಲಿ ಓಡುವುದು ಯಾರು ಎಂದು ಕೇಳಿದರು. ಅವರಿಗೆ ಅದೆಲ್ಲ ಹೇಗೆ ಗೊತ್ತಾಯಿತೋ ಎಂದು ನಾಚಿಕೆಯಾಯಿತು. ಆದರೂ ಸುಳ್ಳು ಹೇಳಬಾರದಲ್ಲ? ನಮ್ಮ ಮನೆಯಿಂದ ಓಡಿದವರೆಂದರೆ ಅಪ್ಪ ಒಬ್ಬರೇ.”

ಮಾಸ್ಟ್ರು ನಗಲಿಲ್ಲ. ನಲುವತ್ತು ವರ್ಷ ಪಾಠ ಹೇಳಿದವರಿಗೆ, ಮಕ್ಕಳ ತಪ್ಪುಗಳಲ್ಲಿ ಹೆಚ್ಚಿನವು ಮೌಢ್ಯದಿಂದಲ್ಲ, ಅರ್ಧ ಕಲಿಸಿದ ಪಾಠವನ್ನು ಪೂರ್ಣವಾಗಿ ನಂಬಿದುದರಿಂದ ಹುಟ್ಟುವುವೆಂಬುದು ತಿಳಿದಿತ್ತು. ಅವರು ಹುಡುಗಿಯ ಕೈಯಲ್ಲಿದ್ದ ಚಿಕ್ಕ ಅರ್ಥಕೋಶವನ್ನು ಬಿಡಿಸಿ ‘ರನ್’ ಎಂಬಲ್ಲಿ ಬೆರಳಿಟ್ಟು, “ಇದು ನಿನ್ನ ತಪ್ಪಲ್ಲ. ಈ ಪುಸ್ತಕವನ್ನು ಬಡವರ ಕಿಸೆಗೆಂದು ಮಾಡಿದ್ದಾರೆ. ಅರ್ಥವನ್ನೂ ಬಡತನದಲ್ಲಿಯೇ ಕೊಟ್ಟಿದ್ದಾರೆ. ‘ರನ್’ ಎಂದರೆ ಓಡುವುದು ಹೌದು, ನಡೆಸುವುದೂ ಹೌದು. ಸಂಸಾರ ನಡೆಸುವವರು ಯಾರು ಎಂದು ಅವರು ಕೇಳಿದ್ದು” ಎಂದರು.

ಹುಡುಗಿಯ ಕಣ್ಣು ತುಂಬಿ ಬಂದಿತು. ಹದಿನೇಳು ವರ್ಷ ಗೆರಸೆಯ ಮುಂದೆ ಬೆನ್ನು ಬಗ್ಗಿಸಿದವಳ ಹೆಸರು ಬರಬೇಕಾದ ಸ್ಥಳದಲ್ಲಿ, ಬಿಟ್ಟುಹೋದವನ ಹೆಸರನ್ನು ತನ್ನ ಬಾಯಿಂದಲೇ ಬರೆಯಿಸಿಬಂದೆನೆಂಬ ದುಃಖವು, ಹಣ ತಪ್ಪೀತೆಂಬ ಭಯಕ್ಕಿಂತ ದೊಡ್ಡದಾಗಿತ್ತು. “ನನಗೆ ಇಂಗ್ಲಿಷು ಬೇಡ ಮಾಸ್ಟ್ರೇ. ಕಾಲೇಜೂ ಬೇಡ” ಎಂದಳು.

ಮಾಸ್ಟ್ರು ಅದಕ್ಕೆ ನೇರವಾಗಿ ಉತ್ತರ ಕೊಡದೆ, “ನೀನು ಒಂದನೆಯ ತರಗತಿಯಲ್ಲಿದ್ದಾಗಲೂ ಈ ‘ಓಡು’ ನಿನ್ನನ್ನು ಕಾಡಿತ್ತಂತಲ್ಲ? ನಿನ್ನ ಅಮ್ಮ ಹೇಳಿದ್ದುಂಟು” ಎಂದರು. ಹುಡುಗಿಯು ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕಳು. ಆ ಸಂಗತಿ ಹೀಗೆ: ಅವರ ಮನೆಮಾತು ತುಳು. ತುಳುವಿನಲ್ಲಿ ‘ಓಡು’ ಎಂದರೆ ಹಂಚು. ಓಡುವುದಕ್ಕೆ ‘ಬಲಿಪು’ ಎಂಬ ಬೇರೆ ಶಬ್ದವಿದೆ. ಶಾಲೆಗೆ ಸೇರಿದ ಮೊದಲ ವಾರದಲ್ಲಿ ಆಟದ ಹೊತ್ತಿಗೆ ಉಪಾಧ್ಯಾಯಿನಿಯು “ಓಡು, ಓಡು” ಎಂದು ಕೂಗಿದಾಗ ಉಳಿದ ಮಕ್ಕಳೆಲ್ಲ ಓಡಿದರು. ಇವಳೊಬ್ಬಳು ಮಾತ್ರ ನಿಂತಲ್ಲಿಯೇ ನಿಂತು, ಬೀಳುವ ಹಂಚು ಎಲ್ಲಿದೆಯೆಂದು ಶಾಲೆಯ ಮಾಡನ್ನು ನೋಡುತ್ತಿದ್ದಳು.

“ಆ ದಿವಸ ನೀನು ‘ಕನ್ನಡ ಬೇಡ’ ಎಂದಿದ್ದರೆ ಏನಾಗುತ್ತಿತ್ತು?” ಎಂದು ಮಾಸ್ಟ್ರು ಕೇಳಿದರು. ಹುಡುಗಿಯು ಸುಮ್ಮನಿದ್ದಳು.

ಮಾಸ್ಟ್ರ ಮಾತು ಅಲ್ಲಿಂದ ಮುಂದೆ ಹರಿಯಿತು. ‘ಓಡು’ ಎಂಬ ಈ ಎರಡಕ್ಷರದ ಶಬ್ದವು ಕರಾವಳಿಯಲ್ಲಿ ಆಡುವ ಆಟವು ವಿಚಿತ್ರವಾದುದು. ಕನ್ನಡದ ನಿತ್ಯವ್ಯವಹಾರದಲ್ಲಿ ಅದು ಕಾಲಿನ ಕೆಲಸ. ಆದರೆ ಕನ್ನಡದಲ್ಲಿಯೇ ಅದಕ್ಕೆ ಮಡಕೆಯ ಚೂರು, ತಲೆಬುರುಡೆ ಎಂಬ ಅರ್ಥಗಳೂ ಉಂಟು. ತುಳುವಿನಲ್ಲಿ ಅದು ಮಾಡಿನ ಮೇಲಣ ಹಂಚು. ಕಾಸರಗೋಡಿನ ಕಡೆಯ ಮಲೆಯಾಳದಲ್ಲಿ ಓಡುವುದೂ ಅದೇ ಶಬ್ದ, ಹಂಚೂ ಅದೇ ಶಬ್ದ. ಒಡಹುಟ್ಟಿದ ಭಾಷೆಗಳು ಒಂದೇ ಧ್ವನಿಯನ್ನು ಪಾಲುಮಾಡಿಕೊಂಡ ರೀತಿ ಇದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದು, ನೇತ್ರಾವತಿಯ ದಂಡೆಯ ಆವೆಮಣ್ಣನ್ನು ಯಂತ್ರದಿಂದ ಒತ್ತಿ, ಸುಟ್ಟು, ಮಂಗಳೂರು ಹಂಚನ್ನು ಮಾಡಿದ ಬಳಿಕ, ಇಲ್ಲಿನ ‘ಓಡು’ ನಿಜವಾಗಿಯೇ ಹಡಗನ್ನೇರಿ ದೇಶದೇಶಗಳಿಗೆ ಓಡಿತು. ಅಜ್ಜನು ಕಾರ್ಖಾನೆಯಲ್ಲಿ ಓಡು ಮಾಡಿದನು. ಮೊಮ್ಮಗಳು ಶಾಲೆಯಲ್ಲಿ ಓಡಲು ಕಲಿತಳು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅವಳಿಗೆ ಆರು ವರ್ಷದ ಪ್ರಾಯದಲ್ಲಿಯೇ ಸಾಧ್ಯವಾಗಿರಲು, ಮೂರನೆಯದಕ್ಕೆ ಹೆದರತಕ್ಕುದೇನಿದೆ?

ಒಂದು ಶಬ್ದಕ್ಕೆ ಅನೇಕ ಅರ್ಥಗಳಿರುವುದು ಇಂಗ್ಲಿಷಿನ ವಿಶೇಷ ಚಮತ್ಕಾರವೆಂದು ತಿಳಿಯುವುದೂ ಸರಿಯಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಅಂಥ ಶಬ್ದಗಳಿಗೆಂದೇ ಒಂದು ನಾನಾರ್ಥವರ್ಗವನ್ನು ಇಟ್ಟಿದ್ದಾನೆ. ‘ಹರಿ’ ಎಂಬ ಒಂದೇ ಶಬ್ದವು ಅಲ್ಲಿ ವಿಷ್ಣುವೂ ಆಗುತ್ತದೆ, ಇಂದ್ರನೂ ಆಗುತ್ತದೆ. ಸಿಂಹ, ಕುದುರೆ, ಕಪಿ, ಗಿಳಿ, ಹಾವು, ಕಪ್ಪೆಗಳೂ ಆಗುತ್ತವೆ. ಕನ್ನಡದ ‘ಹರಿ’ ಎಂಬ ಕ್ರಿಯಾಪದವೇನು ಕಡಮೆಯೇ? ಹೊಳೆ ಹರಿಯುತ್ತದೆ, ಹಾವು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಬೆಳಗು ಹರಿಯುತ್ತದೆ, ಸಾಲ ಹರಿಯುತ್ತದೆ, ಬೇಡದ ಕಡೆಗೆ ಮನಸ್ಸೂ ಹರಿಯುತ್ತದೆ. ಕನ್ನಡಿಗನು ಇವುಗಳಲ್ಲಿ ಒಂದನ್ನಾದರೂ ಅರ್ಥಕೋಶ ನೋಡಿ ಕಲಿತವನಲ್ಲ. ಹೊಳೆಯ ಪಕ್ಕದಲ್ಲಿ ನಿಂತ ‘ಹರಿ’ಯನ್ನೂ ಬಟ್ಟೆಯ ಪಕ್ಕದಲ್ಲಿ ನಿಂತ ‘ಹರಿ’ಯನ್ನೂ ಅವನು ಎಂದೂ ತಪ್ಪಾಗಿ ಗ್ರಹಿಸುವುದಿಲ್ಲ.

ಇದರ ಗುಟ್ಟನ್ನು ಪ್ರಾಚೀನ ಶಾಸ್ತ್ರಕಾರರು ಚೆನ್ನಾಗಿ ಬಲ್ಲರು. ಅನೇಕಾರ್ಥವುಳ್ಳ ಶಬ್ದದಲ್ಲಿ ಪ್ರಕೃತ ಬೇಕಾದ ಅರ್ಥವು ಯಾವುದೆಂದು ನಿಶ್ಚಯಿಸುವುದಕ್ಕೆ ಸಂಯೋಗ, ಸಾಹಚರ್ಯ, ಪ್ರಕರಣ ಮೊದಲಾದ ಹಲವು ಸಾಧನಗಳನ್ನು ಭರ್ತೃಹರಿಯ ವಾಕ್ಯಪದೀಯದಲ್ಲಿ ಎಣಿಸಿದ್ದಾರೆ. ‘ಸೈಂಧವ’ ಎಂದರೆ ಉಪ್ಪು, ಕುದುರೆ ಎಂದು ಎರಡರ್ಥ. ಊಟಕ್ಕೆ ಕುಳಿತ ಯಜಮಾನನು ‘ಸೈಂಧವವನ್ನು ತಾ’ ಎಂದರೆ ಆಳು ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟು ನಿಂತು ಹೇಳಿದರೆ ಕುದುರೆಯನ್ನು ತರಬೇಕು. ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದವನಿಗೆ ಶಬ್ದ ತಿಳಿಯದೆಂದು ಹೇಳಲಾಗದು; ಪ್ರಕರಣ ತಿಳಿಯದೆಂದು ಹೇಳಬೇಕು. ಶಬ್ದವು ಒಂಟಿಯಾಗಿರುವಾಗ ಮೂಕ. ನೆರೆಯ ಶಬ್ದಗಳೂ ಆಡುವ ಸನ್ನಿವೇಶವೂ ಅದಕ್ಕೆ ಬಾಯಿ ಕೊಡುತ್ತವೆ.

ಇಷ್ಟು ಹೇಳಿ ಮಾಸ್ಟ್ರು ಒಂದು ಹಾಳೆಯನ್ನು ತೆಗೆದು, ‘ರನ್’ ಎಂಬುದನ್ನು ನಡುವೆ ಬರೆದು, ಸುತ್ತಲೂ ಅದರ ನೆರೆಹೊರೆಯನ್ನು ಬರೆಯಹೇಳಿದರು. ನದಿಯು ‘ರನ್’ ಆದರೆ ಹರಿಯುತ್ತದೆ. ಮೂಗು ‘ರನ್’ ಆದರೆ ಸೋರುತ್ತದೆ. ಸೀರೆಯ ಬಣ್ಣ ‘ರನ್’ ಆದರೆ ಬಿಡುತ್ತದೆ. ಬಾವಿಯು ‘ರನ್ ಡ್ರೈ’ ಆದರೆ ಬತ್ತುತ್ತದೆ. ಚುನಾವಣೆಗೆ ‘ರನ್’ ಮಾಡುವವನು ಸ್ಪರ್ಧೆಗೆ ನಿಲ್ಲುತ್ತಾನೆ. ಅಲ್ಲಿ ಇಂಗ್ಲಿಷಿನವನು ಓಡುವಾಗ ಕನ್ನಡಿಗನು ನಿಲ್ಲುವುದು ವಿನೋದವೇ ಸರಿ. ಉಪ್ಪು ‘ರನ್ ಔಟ್’ ಆದರೆ ಮುಗಿಯುತ್ತದೆ. ಕ್ರಿಕೆಟ್ಟಿನಲ್ಲಿ ಆಟಗಾರನು ‘ರನ್ ಔಟ್’ ಆದರೆ ಡೇರೆಗೆ ಹಿಂದಿರುಗುತ್ತಾನೆ. ಯಂತ್ರವು ‘ರನ್’ ಆದರೆ ಚಲಿಸುತ್ತದೆ. ಅಂಗಡಿ, ಶಾಲೆ, ಸಂಸಾರ ಇವುಗಳನ್ನು ‘ರನ್’ ಮಾಡುವವರು ನಡೆಸುತ್ತಾರೆ.

ಆ ಶಬ್ದವು ಇಷ್ಟು ಹಿಗ್ಗುವುದಕ್ಕೆ ಕಾರಣವೇನೆಂದು ಹುಡುಗಿಯು ಕೇಳಿದಳು. ಅದಕ್ಕೆ ಯಂತ್ರಗಳೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಮೊದಲು ಮನುಷ್ಯನೂ ಪಶುವೂ ನೀರೂ ಓಡುತ್ತಿದ್ದರೆ, ಆಮೇಲೆ ಉಗಿಯಂತ್ರ ಓಡಿತು, ರೈಲು ಓಡಿತು, ಕಾರ್ಖಾನೆ ಓಡಿತು, ಈಗ ಗಣಕಯಂತ್ರದೊಳಗಣ ಕ್ರಮವಿಧಿಯೂ ಓಡುತ್ತದೆ. ಹೊಸ ವಸ್ತು ಹುಟ್ಟಿದಾಗಲೆಲ್ಲ ಜನರು ಹೊಸ ಶಬ್ದವನ್ನು ಕೆತ್ತುತ್ತ ಕುಳಿತುಕೊಳ್ಳುವುದಿಲ್ಲ; ಕೈಗೆ ಹತ್ತಿರವಿರುವ ಹಳೆಯ ಶಬ್ದಕ್ಕೇ ಹೊರೆ ಹೊರಿಸುತ್ತಾರೆ. ಕನ್ನಡದ ಕಥೆಯೂ ಇದೇ. 1907ರಲ್ಲಿ ಮಂಗಳೂರಿಗೆ ರೈಲು ಬಂದುದೇ ತಡ, ಅದು ‘ಓಡಿತು’. ಬಸ್ಸು ಓಡುತ್ತದೆ, ರಿಕ್ಷಾದ ಮೀಟರು ನಿಂತಲ್ಲಿಯೇ ಓಡುತ್ತದೆ, ಚಲನಚಿತ್ರವು ನೂರು ದಿವಸ ಓಡುತ್ತದೆ, ಗಣಿತದ ಲೆಕ್ಕದ ಮುಂದೆ ತಲೆ ಓಡುವುದಿಲ್ಲ. ಆದುದರಿಂದ ಇಂಗ್ಲಿಷರು ಅವಸರದ ಜನರು, ಕನ್ನಡಿಗರು ನಿಧಾನಸ್ಥರು ಎಂದು ಶಬ್ದಗಳಿಂದ ಸಿದ್ಧಾಂತ ಕಟ್ಟುವುದು ವ್ಯರ್ಥ.

“ಆದರೂ ಒಂದು ಮಾತುಂಟು” ಎಂದರು ಮಾಸ್ಟ್ರು. “ಕನ್ನಡದಲ್ಲಿ ಸಂಸಾರ ಓಡುವುದಿಲ್ಲ ಮಗೂ, ನಡೆಯುತ್ತದೆ. ಚಲಾವಣೆಯ ನಾಣ್ಯ ನಡೆಯುತ್ತದೆ, ಮದುವೆ ನಡೆಯುತ್ತದೆ, ಹಿರಿಯರ ಮಾತು ನಡೆಯುತ್ತದೆ. ಸಂಸಾರವನ್ನು ದಿನಕ್ಕೊಂದು ಹೆಜ್ಜೆಯಂತೆ ನಡೆಸಬೇಕು. ನಿನ್ನ ಅಮ್ಮ ಮಾಡಿದ್ದು ಅದನ್ನೇ. ಅದಕ್ಕೆ ಇಂಗ್ಲಿಷಿನವರು ‘ರನ್’ ಎನ್ನುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.”

ಸಂಸ್ಥೆಗೆ ಬರೆಯತಕ್ಕ ಉತ್ತರವನ್ನು ತಾವೇ ಬರೆದುಕೊಡುವುದಾಗಿ ಮಾಸ್ಟ್ರು ಹೇಳಿದರು. ಅವರ ಇಂಗ್ಲಿಷು ಹಳೆಯ ಕಾಲದ ಗಟ್ಟಿ ಇಂಗ್ಲಿಷು. ಅದನ್ನು ಓದಿದವರು ಕೂಡಲೇ ಒಪ್ಪುತ್ತಿದ್ದರು. ಹುಡುಗಿಯು ತಲೆಯಲ್ಲಾಡಿಸಿ, “ಬೇಡ ಮಾಸ್ಟ್ರೇ. ತಪ್ಪು ನಾನು ಹೇಳಿಬಂದೆ. ಸರಿಯನ್ನೂ ನಾನೇ ಬರೆಯುತ್ತೇನೆ. ನೀವು ನೋಡಿಕೊಟ್ಟರೆ ಸಾಕು” ಎಂದಳು.

ಕಾಗದವು ಐದಾರು ವಾಕ್ಯಗಳಿಗಿಂತ ಹೆಚ್ಚಾಗಲಿಲ್ಲ. ಸಂದರ್ಶನದಲ್ಲಿ ಪ್ರಶ್ನೆಯು ತನಗೆ ತಿಳಿಯಲಿಲ್ಲವೆಂದೂ, ಶಬ್ದಕ್ಕೆ ತನಗೆ ಗೊತ್ತಿದ್ದುದು ಒಂದೇ ಅರ್ಥವೆಂದೂ, ತಂದೆಯು ಮನೆಯಲ್ಲಿಲ್ಲದೆ ಹದಿನೇಳು ವರ್ಷಗಳಾದುವೆಂದೂ ಅವಳು ನಾಚದೆ ಬರೆದಳು. ಕೊನೆಯಲ್ಲಿ, “ಮೈ ಮದರ್ ರನ್ಸ್ ಅವರ್ ಫ್ಯಾಮಿಲಿ” ಎಂದು ಬರೆದು, ತಾಯಿಯ ಬೀಡಿಯ ಲೆಕ್ಕದ ಪುಸ್ತಕದ ಪ್ರತಿಯನ್ನು ಜತೆಗಿಟ್ಟಳು. ಮಾಸ್ಟ್ರು ಒಂದು ಕಾಗುಣಿತವನ್ನು ತಿದ್ದಿ, ಉಳಿದುದನ್ನು ಮುಟ್ಟದೆ ಹಿಂದಕ್ಕೆ ಕೊಟ್ಟರು. ಸಂಸ್ಥೆಯವರಿಂದ ಎರಡನೆಯ ಕರೆ ಬಂದಿತು. ಅಂದು ಅವರು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರು. ಅವಳು ತನಗೆ ತಿಳಿದಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದಳು. ಧನಸಹಾಯ ಮಂಜೂರಾಯಿತು.

ಇಂಥ ತೊಡಕು ಒಂದು ಮನೆಯದಲ್ಲ. ಕನ್ನಡ ಶಾಲೆಯ ಮಕ್ಕಳು ಕಠಿಣ ಶಬ್ದಗಳ ಪಟ್ಟಿಯನ್ನು ಕಂಠಪಾಠ ಮಾಡಿ, ಸುಲಭ ಶಬ್ದಗಳ ಹೊಸ್ತಿಲಲ್ಲಿ ಎಡವುತ್ತಿದ್ದಾರೆ. ಕೇಳುವವರು ಎಡವಿದುದನ್ನು ಕಂಡು, ಇವರಿಗೆ ಏನೂ ಬಾರದೆಂದು ಬಗೆಯುತ್ತಾರೆ. ಒಂದು ಶಬ್ದಕ್ಕೆ ಒಂದೇ ಅರ್ಥವೆಂಬ ನಂಬಿಕೆಯನ್ನು ಮೊದಲಿಗೇ ಬಿಡಿಸಿ, ಶಬ್ದವನ್ನು ಅದರ ನೆರೆಹೊರೆಯೊಡನೆ ಪರಿಚಯ ಮಾಡಿಕೊಡುವ ಪಾಠವು ಮನೆಯಲ್ಲಿಯೇ ಆರಂಭವಾಗಬಹುದು. ಮನೆಯಲ್ಲಿ ತುಳುವೂ ಬೀದಿಯಲ್ಲಿ ಕೊಂಕಣಿಯೂ ಶಾಲೆಯಲ್ಲಿ ಕನ್ನಡವೂ ಕಿವಿಗೆ ಬೀಳುವ ಈ ಊರಿನ ಮಗುವಿಗೆ ಆ ಪಾಠದ ಅರ್ಧಾಂಶವು ಆಗಲೇ ಬಂದಿರುತ್ತದೆ. ಕನ್ನಡದಲ್ಲಿ ‘ಅಪ್ಪ’ ಎಂದರೆ ತಂದೆ, ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ ಎಂಬುದನ್ನು ಒಂದು ದಿನವೂ ಗೊಂದಲವಿಲ್ಲದೆ ನಿಭಾಯಿಸುವ ಮಕ್ಕಳಿವರು.

ಹಣ ಮಂಜೂರಾದ ದಿವಸ ಸಂಜೆ ಹುಡುಗಿಯು ಮನೆಗೆ ಬಂದು ಸುದ್ದಿ ಹೇಳಿದಾಗ, ತಾಯಿಯು ನೂಲು ಬಿಗಿಯುತ್ತಿದ್ದ ಕೈಯನ್ನು ನಿಲ್ಲಿಸಿ, ಆ ಕಾಗದದಲ್ಲಿ ಅಂಥಾದ್ದೇನು ಬರೆದಿದ್ದೆಯೆಂದು ಕೇಳಿದಳು. ಮಗಳು ತುಳುವಿನಲ್ಲಿ, “ಇಲ್ಲ್ ನಡಪಾವುನಿ ಅಪ್ಪೆ” ಎಂದಳು. ಮನೆ ನಡೆಸುವವಳು ಅಮ್ಮ ಎಂದರ್ಥ. ‘ನಡಪಾವುನಿ’ ಎಂದರೆ ನಡೆಯಿಸುವುದೆಂದೂ ಆಗುತ್ತದಷ್ಟೆ. ತಾಯಿಯು ಮೇಲೆ ಹಂಚುಗಳ ಕಡೆಗೊಮ್ಮೆ ನೋಡಿ, “ಓಡೆಗ್?” ಎಂದಳು. ‘ಎಲ್ಲಿಗೆ?’ ಎಂದು ಕೇಳುವುದಕ್ಕೆ ತುಳುವರು ಆಡುವ ಮಾತದು. ಇಬ್ಬರೂ ನಕ್ಕರು. ಕತ್ತಲಾಗುವುದರೊಳಗೆ ಬ್ರಾಂಚಿಗೆ ಒಯ್ಯಬೇಕಾದ ಬೀಡಿ ಇನ್ನೂ ನೂರು ಬಾಕಿ ಇದ್ದುದರಿಂದ, ಮಗಳೂ ಪುಸ್ತಕದ ಚೀಲವನ್ನು ಕೆಳಗಿಟ್ಟು ಗೆರಸೆಯ ಪಕ್ಕದಲ್ಲಿ ಕುಳಿತಳು.